ಕುರುವಾಯಿ ದುಂಬಿ ಎಲ್ಲಿ ‘ಕಂಡುಬರುತ್ತದೆ’?

ನಮಸ್ಕಾರ.

ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಅಂಗರಚನೆ ಮತ್ತು ನೆಲೆಗಳ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ. ಸುಳಿಯ ತೂತಿನಿಂದ ಹೊರಬಿದ್ದ ನಾರನ್ನು ಗಾಣದ ಬಳಿಯ ಕಬ್ಬಿನ ಸಿಪ್ಪೆಗೆ ಹೋಲಿಸಿದ್ದು ಹಿಡಿಸಿತು. ದುಂಬಿ ರಸ ಹೀರಿ ನಾರನ್ನು ಹೊರಹಾಕುತ್ತದೆ, ಹೋಲಿಕೆ ಸರಿಯಾಗಿದೆ. ಆದರೆ ಲೇಖನ ನನ್ನನ್ನು ಕೆರಳಿಸಿತು. ಕಾರಣ ಒಂದೇ ಒಂದು ಕ್ರಿಯಾಪದ. ಮೂರು ಪುಟಗಳಲ್ಲಿ ‘ಕಂಡುಬರುತ್ತದೆ’ ಹದಿನಾಲ್ಕು ಸಲ ಬಂದಿದೆ. ಯಾರು ಕಂಡರು, ಎಲ್ಲಿ ಕಂಡರು ಎಂದು ಹೇಳಬೇಕಾದ ಜಾಗದಲ್ಲೆಲ್ಲ ಅದು ಬಂದು ಕುಳಿತಿದೆ.

‘ಗಂಡಿನ ತಲೆಯ ಮೇಲೆ ಕೊಂಬು ಕಂಡುಬರುತ್ತದೆ, ಇದರಿಂದ ಅದು ಮರವನ್ನು ಕೊರೆಯುತ್ತದೆ.’ ಕೊಂಬು ಹೆಣ್ಣಿಗೂ ಇದೆ. ಗಂಡಿನದು ಸಾಮಾನ್ಯವಾಗಿ ಉದ್ದ, ಆದರೆ ಸಣ್ಣ ಗಂಡಿನ ಕೊಂಬೂ ಮೋಟಾಗಿರುತ್ತದೆ. ಅನುಮಾನವಿದ್ದರೆ ದುಂಬಿಯನ್ನು ತಿರುಗಿಸಿ ಹಿಂತುದಿಯನ್ನು ನೋಡಬೇಕು: ಹೆಣ್ಣಿನಲ್ಲಿ ಕೆಂಗಂದು ರೋಮ ಒತ್ತಾಗಿರುತ್ತದೆ, ಗಂಡಿನದು ನುಣುಪಾಗಿ ಹೊಳೆಯುತ್ತದೆ. ಮರವನ್ನು ಕಡಿಯುವುದು ದವಡೆ. ಹಲ್ಲುಹಲ್ಲಾದ ಮುಂಗಾಲುಗಳು ಒಳಗೆ ನುಗ್ಗಲು ನೆರವಾಗುತ್ತವೆ. ಗಂಡುಗಳು ಕಾದಾಡುವಾಗ ಬಳಸುವ ಕೊಂಬನ್ನು ನೀವು ಬೈರಿಗೆ ಮಾಡಿಬಿಟ್ಟಿದ್ದೀರಿ. ದುಂಬಿಯನ್ನು ಒಮ್ಮೆ ಅಂಗೈಯಲ್ಲಿ ಇಟ್ಟುಕೊಂಡಿದ್ದರೆ ಈ ಸಾಲು ಬರುತ್ತಿರಲಿಲ್ಲ.

‘ಮರಿಹುಳುಗಳು ತೆಂಗಿನ ಬುಡದಲ್ಲಿ ಕಂಡುಬರುತ್ತವೆ.’ ಇದನ್ನು ಓದಿದಾಗ ನನ್ನ ಹಳೆಯ ಗಾಯವೊಂದು ನೆನಪಾಯಿತು. ಕೃಷಿ ಮಾಸಿಕವೊಂದಕ್ಕೆ ಸೇರಿದ ಹೊಸತರಲ್ಲಿ ನಾನೂ ಹೆಚ್ಚುಕಡಿಮೆ ಇದೇ ವಾಕ್ಯವನ್ನು ಬರೆದಿದ್ದೆ. ತಿಂಗಳೆರಡು ಕಳೆದ ಮೇಲೆ ರೈತರೊಬ್ಬರ ಕಾರ್ಡು ಬಂತು. ನನ್ನ ಲೇಖನ ನಂಬಿ ಅವರು ನಲವತ್ತು ಸಸಿಗಳ ಬುಡಕ್ಕೆ ಔಷಧಿ ಸುರಿದಿದ್ದರು. ಬಿಚ್ಚಿಕೊಂಡ ಗರಿಗಳೆಲ್ಲ ಮತ್ತೆ ಕತ್ತರಿಯಾಡಿಸಿದ ಬೀಸಣಿಗೆಯಂತೆಯೇ ಬಂದಿದ್ದವು. ‘ಹುಳುವನ್ನು ನೀವು ನೋಡಿದ್ದೀರಾ?’ ಎಂದಷ್ಟೇ ಕೇಳಿದ್ದರು. ನಾನು ನೋಡಿರಲಿಲ್ಲ. ಅಡಿಕೆಯ ಬೇರು ತಿನ್ನುವ ಬೇರುಹುಳುವಿನ ವಿಷಯವನ್ನು ಎಲ್ಲಿಯೋ ಓದಿ, ಅದನ್ನು ಇದಕ್ಕೆ ಅಂಟಿಸಿದ್ದೆ. ಕುರುವಾಯಿಯ ಗೊಣ್ಣೆಹುಳು ಜೀವಂತ ಬೇರಿನ ತಂಟೆಗೆ ಹೋಗುವುದಿಲ್ಲ. ಅದು ಬೆಳೆಯುವುದು ತಿಪ್ಪೆಯಲ್ಲಿ, ಗೊಬ್ಬರದ ಗುಂಡಿಯಲ್ಲಿ, ಸತ್ತು ಕೊಳೆತ ತೆಂಗಿನ ಕಾಂಡದಲ್ಲಿ. ಸುಳಿ ಕೊರೆಯುವುದು ರೆಕ್ಕೆ ಬಂದ ದುಂಬಿ, ಗಂಡೂ ಹೆಣ್ಣೂ ಎರಡೂ. ಆ ಕಾರ್ಡಿಗೆ ಉತ್ತರ ಬರೆಯಲು ನನಗೆ ಒಂದು ವಾರ ಹಿಡಿಯಿತು.

ಇನ್ನು ‘ಪ್ರಪಂಚದ ಎಲ್ಲ ಉಷ್ಣ ಪ್ರದೇಶಗಳಲ್ಲಿ ಕಂಡುಬರುತ್ತದೆ’ ಎಂಬ ಸಾಲು. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಹೆಸರಿಟ್ಟ ಈ ಪ್ರಭೇದದ ತವರು ದಕ್ಷಿಣ ಮತ್ತು ಆಗ್ನೇಯ ಏಷ್ಯಾ. ಆಫ್ರಿಕದ ತೆಂಗನ್ನು ಕಾಡುವುದು ಇದರ ದಾಯಾದಿ, ಒರಿಕ್ಟಿಸ್ ಮೊನೊಸೆರಾಸ್. ಪೆಸಿಫಿಕ್ ದ್ವೀಪಗಳಲ್ಲಿ ನಮ್ಮ ದುಂಬಿ ತಾನಾಗಿ ‘ಕಂಡುಬರಲಿಲ್ಲ’. ಮನುಷ್ಯರು ಅದನ್ನು ಒಯ್ದರು. 1909ರಲ್ಲಿ ಶ್ರೀಲಂಕಾದ ರಬ್ಬರ್ ಸಸಿಗಳ ಜೊತೆ ಅದು ಸಮೋವಾ ತಲುಪಿತು. 1953ರಲ್ಲಿ ಫಿಜಿ, 2007ರಲ್ಲಿ ಗುವಾಮ್, 2013ರಲ್ಲಿ ಹವಾಯಿ. ಮಲೇಷ್ಯಾದಲ್ಲಿ 1963ರಲ್ಲಿ ಪತ್ತೆಯಾದ ವೈರಸ್ಸೊಂದನ್ನು 1967ರಲ್ಲಿ ಸಮೋವಾದಲ್ಲಿ ಬಿಟ್ಟು ದುಂಬಿಯ ಹಾವಳಿಯನ್ನು ತಗ್ಗಿಸಿದರು. ಗುವಾಮಿಗೆ ಹೋದ ತಳಿ ಆ ವೈರಸ್ಸಿಗೆ ಬಗ್ಗಲಿಲ್ಲ. ಹಡಗು, ಸಸಿ, ಬಂದರು, ಸೋತ ಔಷಧ: ಇಷ್ಟು ದೊಡ್ಡ ಕಥೆಯನ್ನು ನಿಮ್ಮ ಒಂದು ಕ್ರಿಯಾಪದ ನುಂಗಿಬಿಟ್ಟಿದೆ. ನನ್ನ ಸಿಟ್ಟು ಅದಕ್ಕೆ.

ಲೇಖನವನ್ನು ಹಿಂದಿರುಗಿಸುತ್ತಿದ್ದೇನೆ. ನಿಮ್ಮದು ತಿಪಟೂರಿನ ಕಡೆ ಎಂದು ಬರೆದಿದ್ದೀರಿ. ತೆಂಗಿಗೆ ಅಲ್ಲಿ ಕೊರತೆಯಿಲ್ಲ. ಗೊಬ್ಬರದ ಗುಂಡಿಯೊಂದನ್ನು ಹಾರೆಯಿಂದ ಮಗುಚಿ. ಬಿಲ್ಲಿನಂತೆ ಬಾಗಿದ, ಕಂದು ತಲೆಯ ದಪ್ಪ ಬಿಳಿ ಹುಳು ಸಿಕ್ಕರೆ ಅದರ ಪಕ್ಕೆಯ ಉದ್ದಕ್ಕೂ ಇರುವ ಉಸಿರುರಂಧ್ರಗಳನ್ನು ಎಣಿಸಿ. ಮರ ಹತ್ತುವವರು ಸುಳಿಯಿಂದ ಕಬ್ಬಿಣದ ಕೊಕ್ಕೆಯಲ್ಲಿ ದುಂಬಿಯನ್ನು ಎಳೆದು ತೆಗೆಯುವಾಗ ಕೆಳಗೆ ನಿಂತು ನೋಡಿ. ಆಮೇಲೆ ಆ ಹದಿನಾಲ್ಕು ಸಾಲುಗಳನ್ನು ಮತ್ತೆ ಬರೆದು ನನಗೇ ಕಳುಹಿಸಿ.