ಟೈಪ್ ಮಾಡುತ್ತಿರುವಾಗಲೇ ಹಳೆಯ ಪಾಸ್‌ವರ್ಡ್ ಸರಿಯೋ ತಪ್ಪೋ ತೋರಿಸುವುದು ಹೇಗೆ?

ತೋರಿಸಲೇಬೇಡಿ. ಆ ಹಸಿರು ಟಿಕ್ಕಿನ ಆಸೆ ನಮ್ಮ ಟೀಮಿಗೂ ಇತ್ತು, ಕೋಡ್ ಬರೆದವನು ನಾನೇ. ಪಾಸ್‌ವರ್ಡ್ ಬದಲಿಸುವ ಫಾರ್ಮ್‌ನಲ್ಲಿ ಒಂದೊಂದು ಅಕ್ಷರ ಒತ್ತಿದಾಗಲೂ ಅಜಾಕ್ಸ್ ಕರೆ (ಪುಟ ಮತ್ತೆ ಲೋಡ್ ಆಗದೆ ಹಿನ್ನೆಲೆಯಲ್ಲೇ ಸರ್ವರ್ ಕೇಳುವುದು), ಸರ್ವರ್‌ನಿಂದ ಟ್ರೂ (ಸರಿ) ಅಥವಾ ಫಾಲ್ಸ್ (ತಪ್ಪು). ಡೆಮೋ ನೋಡಿದವರೆಲ್ಲ ಭೇಷ್ ಅಂದರು.

ಲಾಗಿನ್ ಪುಟದಲ್ಲಿ 5 ಸಲ ತಪ್ಪಿದರೆ ಅಕೌಂಟ್ ಸ್ವಲ್ಪ ಹೊತ್ತು ಲಾಕ್ ಆಗುತ್ತಿತ್ತು. ಈ ಹೊಸ ಯುಆರ್‌ಎಲ್‌ಗೆ ಆ ಮಿತಿ ಹಾಕುವ ಹಾಗೇ ಇರಲಿಲ್ಲ. 12 ಅಕ್ಷರದ ಪಾಸ್‌ವರ್ಡ್ ಹೊಡೆದು ಮುಗಿಸುವಷ್ಟರಲ್ಲಿ 11 ತಪ್ಪು ಪ್ರಯತ್ನ ಲೆಕ್ಕಕ್ಕೆ ಬಿದ್ದಿರುತ್ತವೆ, ನಿಜವಾದ ಬಳಕೆದಾರರೇ ಲಾಕ್ ಆಗುತ್ತಾರೆ. ಸರಿ, ಮಿತಿಯನ್ನೇ ಕೈಬಿಟ್ಟೆ. ಲಾಗಿನ್ ಆದವರಿಗಷ್ಟೇ ತಾನೇ ಇದು, ಅನ್ನೋ ಧೈರ್ಯ ಬೇರೆ! ಹಳೆಯ ಪಾಸ್‌ವರ್ಡ್ ಕೇಳುವುದೇ ಲಾಗಿನ್ ಆಗಿರುವ ವ್ಯಕ್ತಿ ಮೇಲಿನ ಅನುಮಾನಕ್ಕೆ. ಸೆಷನ್ ಕುಕೀ (ಲಾಗಿನ್ ಆಗಿದ್ದೀರೆಂದು ತೋರಿಸಲು ಬ್ರೌಸರ್ ಇಟ್ಟುಕೊಳ್ಳುವ ಗುರುತು) ಕದ್ದವರು, ಲಾಗೌಟ್ ಮಾಡದೆ ಎದ್ದುಹೋದ ಕಂಪ್ಯೂಟರ್ ಮುಂದೆ ಕೂತವರು ಇರುತ್ತಾರಲ್ಲ, ಅವರನ್ನು ತಡೆಯುವುದಕ್ಕೆ. ಅಂಥವರಿಗೇ ಬೇಕಾದಷ್ಟು ಸಲ ಊಹಿಸಿ ನೋಡಲು ದಾರಿ ಮಾಡಿಕೊಟ್ಟಿದ್ದೆ. ಒಂದು ಅಕೌಂಟ್ ಹೋಯಿತು. ಲಾಗ್ ತೆಗೆದರೆ ಅದೇ ಯೂಸರ್ ಐಡಿ, ಫಾಲ್ಸ್, ಫಾಲ್ಸ್, ಫಾಲ್ಸ್, ಪುಟಗಟ್ಟಲೆ. ಆಮೇಲೆ ಒಂದೇ ಒಂದು ಟ್ರೂ. ಅದರ ಕೆಳಗಿನ ಸಾಲಲ್ಲಿ ಪಾಸ್‌ವರ್ಡ್ ಬದಲಾವಣೆ, ಇನ್ನೊಂದು ಸಾಲಲ್ಲಿ ಇಮೇಲ್ ಬದಲಾವಣೆ.

ಸಬ್ಮಿಟ್ ಆದಮೇಲೆ ಸರ್ವರ್‌ನಲ್ಲಿ ಒಮ್ಮೆ ನೋಡಿದರೆ ಸಾಕು. ಲಾಗಿನ್‌ಗೆ ಇರುವ ಮಿತಿ ಇಲ್ಲಿಗೂ ಇರಲಿ. ಯೂಸರ್ ಐಡಿಯನ್ನು ಸೆಷನ್‌ನಿಂದ ತಗೊಳ್ಳಿ, ಫಾರ್ಮ್ ಒಳಗೆ ಕಣ್ಣಿಗೆ ಕಾಣದ ಹಿಡನ್ ಫೀಲ್ಡ್‌ನಿಂದ ಬೇಡ. ಬದಲಾದ ಕೂಡಲೇ ಉಳಿದ ಸೆಷನ್‌ಗಳನ್ನೆಲ್ಲ ಕೊಲ್ಲಿ.

ಟೈಪ್ ಮಾಡಿದ್ದನ್ನು ಪಿಎಚ್‌ಪಿಯ ಪಾಸ್‌ವರ್ಡ್_ಹ್ಯಾಶ್‌ಗೆ (ಪಾಸ್‌ವರ್ಡನ್ನು ಹ್ಯಾಶ್, ಅಂದರೆ ವಾಪಸು ಬಿಡಿಸಲಾಗದ ಅಕ್ಷರಸಾಲು, ಮಾಡುವ ಫಂಕ್ಷನ್) ಮತ್ತೆ ಕೊಟ್ಟು ಡೇಟಾಬೇಸಿನಲ್ಲಿರುವುದರ ಜೊತೆ ಹೋಲಿಸಿದರೆ ತಾಳೆಯಾಗುತ್ತಿಲ್ಲ ಅಂದಿದ್ದೀರಿ. ಆಗುವುದೂ ಇಲ್ಲ, ಪ್ರತಿಸಲ ಹೊಸ ಸಾಲ್ಟ್ (ಮನಬಂದಂತೆ ಆರಿಸಿದ ಅಕ್ಷರಗಳು) ಸೇರುತ್ತದೆ. ಪಾಸ್‌ವರ್ಡ್_ವೆರಿಫೈ ಬಳಸಿ, ಉಳಿಸಿಟ್ಟ ಹ್ಯಾಶ್‌ನೊಳಗಿರುವ ಸಾಲ್ಟನ್ನೇ ಓದಿಕೊಂಡು ಅದು ಲೆಕ್ಕ ಹಾಕುತ್ತದೆ. 2013ರ ಪಿಎಚ್‌ಪಿ 5.5ರಿಂದಲೂ ಇದೆ. ಡೇಟಾಬೇಸಿನ ಕಾಲಂ ಅಗಲವನ್ನೂ ನೋಡಿಕೊಳ್ಳಿ: ಬಿಕ್ರಿಪ್ಟ್ (ಹ್ಯಾಶ್ ಮಾಡುವ ಒಂದು ವಿಧಾನ) ಕೊಡುವ ಹ್ಯಾಶ್ 60 ಅಕ್ಷರ, 50ಕ್ಕೆ ಕತ್ತರಿಸಿಹೋಗಿದ್ದರೆ ಏನು ಮಾಡಿದರೂ ಫಾಲ್ಸೇ. ಹೋಲಿಸುವ ಮುಂಚೆ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ (<, & ತರಹದ ಚಿಹ್ನೆಗಳನ್ನು ಬದಲಿಸುವ ಫಂಕ್ಷನ್) ಓಡಿಸುವ ಶುದ್ಧೀಕರಣವೆಲ್ಲ ಪಾಸ್‌ವರ್ಡ್‌ಗೆ ಬೇಡ.

ಟಿಕ್ ಬೇಕೇ ಬೇಕು ಅಂತ ಮ್ಯಾನೇಜರ್ ಹಠ ಹಿಡಿದರೆ ಹೊಸ ಪಾಸ್‌ವರ್ಡ್ ಪಕ್ಕ ಹಾಕಿಕೊಡಿ. ಎರಡು ಸಲ ಹೊಡೆದದ್ದು ಒಂದೇ ಇದೆಯೇ ಅನ್ನುವುದು ಬ್ರೌಸರ್‌ನಲ್ಲೇ ಗೊತ್ತಾಗುತ್ತದೆ, ಸರ್ವರ್ ಕೇಳಬೇಕಿಲ್ಲ.