ಕೇಳಿ, ಹೇಳುತ್ತೇವೆ: ಹದಿನಾಲ್ಕು ಮಂದಿ ಬರುತ್ತಿದ್ದರು, ಈಗ ಆರು

ಈ ಸಲ ದೊಡ್ಡವರಿಗೆ ಪಾಠ ಮಾಡುವವರ ಮತ್ತು ದೊಡ್ಡವರಾದ ಮೇಲೆ ಕಲಿಯಲು ಹೊರಟವರ ಪತ್ರಗಳೇ ಜಾಸ್ತಿ ಬಂದಿವೆ. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ಹಾಕಿದ್ದೇವೆ.

ಪ್ರಶ್ನೆ: ನಾನು ಬಿ.ಎಡ್. ಮುಗಿಸಿದ್ದೇನೆ. ನಮ್ಮ ಪಂಚಾಯತ್‌ನ ಅರಿವು ಕೇಂದ್ರದಲ್ಲಿ (ಊರಿನ ಗ್ರಂಥಾಲಯ) ಸಂಜೆ ಐದರಿಂದ ಆರೂವರೆವರೆಗೆ ಓದು ಬರಹ ಬಾರದ ಹೆಂಗಸರಿಗೆ ಪಾಠ ಮಾಡುತ್ತೇನೆ. ಹೆಚ್ಚಿನವರು ಬೀಡಿ ಕಟ್ಟುವವರು, ಇಬ್ಬರು ಮೀನು ಮಾರುವವರು. ಶುರುವಿನಲ್ಲಿ 14 ಮಂದಿ ಬರುತ್ತಿದ್ದರು, ಈಗ 6. ಚಾರ್ಟ್ ಮಾಡಿದ್ದೇನೆ, ಹಾಡು ಹೇಳಿಸುತ್ತೇನೆ, ಚಂದ ಬರೆದವರಿಗೆ ಸ್ಟಾರ್ ಹಾಕುತ್ತೇನೆ. ಬೋರ್ಡಿಗೆ ಕರೆದರೆ ಯಾರೂ ಏಳುವುದಿಲ್ಲ, ಸುಮ್ನೆ ನಗುತ್ತಾರೆ. ಕ್ಲಾಸಿನಲ್ಲಿ ಒಳ್ಳೆಯ ವಾತಾವರಣ ತರುವುದು ಹೇಗೆ?
ಸ್ವಯಂಸೇವಕಿ, ಉಳ್ಳಾಲದ ಹತ್ತಿರ

ಉತ್ತರ: ಮೊದಲು ಆ ಸ್ಟಾರ್ ನಿಲ್ಲಿಸಿ. ಐವತ್ತು ದಾಟಿದ ಹೆಂಗಸು ಸ್ಟಾರ್ ತೆಗೆದುಕೊಂಡು ಹೋಗಿ ಮನೆಯಲ್ಲಿ ಯಾರಿಗೆ ತೋರಿಸಬೇಕು, ಮೊಮ್ಮಗಳಿಗಾ? ನೀವು ಕಲಿತದ್ದು ಮಕ್ಕಳಿಗೆ ಪಾಠ ಮಾಡುವುದನ್ನು, ಅದು ಒಳ್ಳೆಯದೇ. ಆದರೆ ನಿಮ್ಮ ಮುಂದೆ ಕೂತವರು ಮನೆ ನಡೆಸಿದವರು, ಮಗಳ ಮದುವೆ ಮಾಡಿದವರು, ಸಂಘದ ಸಾಲ ತೆಗೆದು ಕಂತು ಕಟ್ಟಿ ಮುಗಿಸಿದವರು.

ಆ ನಗುವನ್ನು ಅಸಡ್ಡೆ ಅಂದುಕೊಳ್ಳಬೇಡಿ. ಅದು ನಾಚಿಕೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57. ಕೇಳಲು ಖುಷಿ, ಅಲ್ವಾ? ಉಳಿದವರ ಕಡೆಯಿಂದ ನೋಡಿ. ಅಕ್ಕಪಕ್ಕದ ಮನೆಯವರೆಲ್ಲ ಪೇಪರ್ ಓದುವ ಊರಲ್ಲಿ ತನಗೊಬ್ಬಳಿಗೆ ಬರುವುದಿಲ್ಲ ಎಂಬುದನ್ನು ಆಕೆ ಎಷ್ಟೋ ವರ್ಷಗಳಿಂದ ಮುಚ್ಚಿಟ್ಟುಕೊಂಡಿದ್ದಾಳೆ. ಬ್ಯಾಂಕಿಗೆ ಹೋದರೆ "ಕನ್ನಡಕ ತರಲು ಮರೆತೆ, ನೀವೇ ತುಂಬಿಸಿ ಕೊಡಿ" ಎನ್ನುತ್ತಾಳೆ. ಹೆಬ್ಬೆಟ್ಟು ಒತ್ತಿದ ಮೇಲೆ ಶಾಯಿಯನ್ನು ಯಾರೂ ನೋಡದ ಹಾಗೆ ಸೆರಗಿಗೆ ಒರೆಸಿಕೊಳ್ಳುತ್ತಾಳೆ. ಅಂಥವಳನ್ನು ಎಲ್ಲರ ಎದುರು ಎಬ್ಬಿಸಿ ಬೋರ್ಡಿನಲ್ಲಿ ಬರೆ ಅಂದರೆ ಮರುದಿನ ಅವಳಿಗೆ ಮನೆಯಲ್ಲಿ ಕೆಲಸ ಇರುತ್ತದೆ. ನಿಮ್ಮ ಎಂಟು ಮಂದಿಗೂ ಹೀಗೆ ಕೆಲಸ ಬಂದಿರುತ್ತದೆ ಎಂದೇ ನನ್ನ ಲೆಕ್ಕ.

ಬೋರ್ಡಿನಲ್ಲಿ ನೀವೇ ಬರೆಯಿರಿ. ಅವರ ಕೈಗೆ ಸ್ಲೇಟು ಕೊಡಿ. ನೋಟ್‌ಬುಕ್ಕಿನಲ್ಲಿ ತಪ್ಪಾದದ್ದು ಹಾಗೇ ಉಳಿಯುತ್ತದೆ, ಮನೆಯಲ್ಲಿ ಮಕ್ಕಳ ಕಣ್ಣಿಗೂ ಬೀಳುತ್ತದೆ. ಸ್ಲೇಟಾದರೆ ಒರೆಸಿದರೆ ಮುಗಿಯಿತು. ಇಬ್ಬಿಬ್ಬರನ್ನು ಜೊತೆ ಮಾಡಿ ಕೂರಿಸಿ, ಯಾರ ಜೊತೆ ಯಾರು ಎಂಬುದನ್ನು ಅವರೇ ಹೇಳಲಿ. ಕೆಂಪು ಪೆನ್ನನ್ನು ಮನೆಯಲ್ಲೇ ಬಿಟ್ಟು ಬನ್ನಿ. ತಪ್ಪು ಕಂಡರೆ ಪಕ್ಕದಲ್ಲಿ ಕೂತು, ಅದೇ ಅಕ್ಷರವನ್ನು ನಿಧಾನ ಬರೆದು ತೋರಿಸಿ, ಸಾಕು.

ಇನ್ನು ಕಣ್ಣು. ಇದನ್ನು ಯಾಕೋ ಯಾರೂ ಹೇಳುವುದೇ ಇಲ್ಲ. ನಲವತ್ತು ದಾಟಿದವರಿಗೆ ಚಾಳೀಸು ಬಂದಿರುತ್ತದೆ. ಓದುವ ಅಭ್ಯಾಸವೇ ಇಲ್ಲದವರಿಗೆ ಅದು ಬಂದದ್ದೇ ಗೊತ್ತಿರುವುದಿಲ್ಲ. ಪುಸ್ತಕವನ್ನು ಕೈ ನೀಟಿ ದೂರ ಹಿಡಿಯುವವರು, ಹಣೆ ಗಂಟಿಕ್ಕುವವರು, "ತಲೆನೋವು" ಎಂದು ಬೇಗ ಏಳುವವರು ಯಾರು ಎಂದು ಗಮನಿಸಿ. "ನನ್ನ ತಲೆಗೆ ಹೋಗುವುದಿಲ್ಲ ಅಕ್ಕ" ಎನ್ನುವ ಎಷ್ಟೋ ಮಂದಿಗೆ ಅಕ್ಷರವೇ ಕಾಣುತ್ತಿರುವುದಿಲ್ಲ! ಎಲ್ಲರಿಗೂ ಒಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಿ, ತಾಲೂಕು ಆಸ್ಪತ್ರೆಯಾದರೂ ಆದೀತು, ಊರಲ್ಲಿ ಶಿಬಿರ ನಡೆದರೆ ಅಲ್ಲಾದರೂ ಆದೀತು. ಜೊತೆಗೆ ಒಂದು ಒಳ್ಳೆಯ ಟ್ಯೂಬ್‌ಲೈಟ್. ಮಳೆಗಾಲದ ಸಂಜೆ ಐದೂವರೆಗೇ ಕತ್ತಲು ಕವಿಯುತ್ತದೆ, ಶೀಟಿನ ಮಾಡಾದರೆ ನಿಮ್ಮ ಮಾತು ಹಿಂದಿನ ಸಾಲಿಗೆ ಕೇಳುವುದೂ ಇಲ್ಲ. ಆ ತಿಂಗಳುಗಳಲ್ಲಿ ಸುತ್ತ ಕೂತು ಪಾಠ ಮಾಡಿ.

ಮಾತಿನ ವಿಷಯಕ್ಕೆ ಬರೋಣ. ನಿಮ್ಮ ಕ್ಲಾಸಿನಲ್ಲಿ ಮನೆಮಾತು ತುಳು, ಬ್ಯಾರಿ ಇರಬಹುದು, ಕೊಂಕಣಿಯವರೂ ಇದ್ದಾರು. "ಕನ್ನಡದಲ್ಲೇ ಹೇಳಿ" ಎಂದು ಒತ್ತಾಯಿಸಬೇಡಿ. ನೀವು ಕನ್ನಡದಲ್ಲಿ ಕೇಳಿ, ಅವರು ತುಳುವಿನಲ್ಲಿ ಹೇಳಲಿ, ಬರೆಯುವಾಗ ಕನ್ನಡ ಬರಲಿ. ಹಾಗಂತ ಇವರಿಗೆ ಕನ್ನಡವೇ ಬರುವುದಿಲ್ಲ ಎಂದೂ ತಿಳಿಯಬೇಡಿ. ಇಡೀ ರಾತ್ರಿ ಯಕ್ಷಗಾನದ ಆಟ ನೋಡಿ, ವೇಷಧಾರಿಯ ಗಟ್ಟಿ ಕನ್ನಡಕ್ಕೆ ಸರಿಯಾದ ಜಾಗದಲ್ಲೇ ನಗುವವರು ಇವರ ನಡುವೆಯೇ ಇದ್ದಾರೆ. ಕೀಚಕನ ಮಾತಿಗೆ ದ್ರೌಪದಿ ಏನೆಂದಳು ಎಂದು ಕೇಳಿ ನೋಡಿ, ಅರ್ಧ ಗಂಟೆ ಹೇಳಿಯಾರು.

ಪಾಠ ಎಲ್ಲಿಂದ ಶುರು? ಅ ಆ ಇ ಈ ಕಡೆಯಿಂದ ಬೇಡ. ಸರ್ಕಾರಿ ಶಾಲೆಯ ನಲಿಕಲಿ ಪದ್ಧತಿಯಲ್ಲಿ ಮಕ್ಕಳಿಗೇ ರ ಗ ಸ ದ ಅ ಎಂದು ಶುರು ಮಾಡುತ್ತಾರೆ, ಯಾಕೆಂದರೆ ಐದೇ ಅಕ್ಷರಕ್ಕೆ ಸರ, ದರ, ರಸ, ಅರಸ, ಅಗಸ ಎಲ್ಲ ಓದಲು ಬರುತ್ತದೆ. ಮೊದಲ ವಾರವೇ ಒಂದು ಪೂರ್ತಿ ಪದ ಓದಿದವರು ಎರಡನೇ ವಾರಕ್ಕೂ ಬರುತ್ತಾರೆ. ಆಮೇಲೆ ಅವರ ದಿನದ ಪದಗಳಿಗೆ ಬನ್ನಿ. ಬ್ರೆಜಿಲಿನ ಶಿಕ್ಷಣ ತಜ್ಞ ಪಾವ್ಲೋ ಫ್ರೇರೆ 1963ರಲ್ಲಿ ಅಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಮಂದಿ ದುಡಿಯುವವರಿಗೆ 40 ಗಂಟೆಯ ಪಾಠದಲ್ಲಿ ಓದು ಬರಹ ಕಲಿಸಲು ಹೊರಟಾಗ ಮಾಡಿದ್ದೂ ಇದನ್ನೇ, ಅವರು ದಿನಾ ಆಡುವ ಪದ ಆರಿಸಿ, ಅದರ ಬಗ್ಗೆ ಮೊದಲು ಮಾತಾಡಿಸಿ, ಆಮೇಲೆ ಅಕ್ಷರ ಬಿಡಿಸಿದ್ದು. ನಿಮಗೆ ಬಸ್ಸಿನ ಬೋರ್ಡು ಇದೆ. ತಲಪಾಡಿ ಅಂದರೆ ನಾಲ್ಕೇ ಅಕ್ಷರ, ತ ಲ ಪಾ ಡಿ, ಒಂದು ದೀರ್ಘ, ಒಂದು ಗುಡಿಸು, ಎರಡು ದಿನದ ಪಾಠ ಅದರಲ್ಲೇ ಇದೆ. ಉಳ್ಳಾಲದಲ್ಲಿ ಒತ್ತಕ್ಷರ ಉಂಟು. ಅದನ್ನು ಈಗಲೇ ಬಿಡಿಸಿ ಹೇಳಲು ಹೋಗಬೇಡಿ, ಇಡೀ ಪದವಾಗಿಯೇ ತೋರಿಸಿ, ದಿನಾ ಬಸ್ಸು ಹತ್ತುವವರು ಆ ಆಕಾರವನ್ನು ಆಗಲೇ ಗುರುತು ಹಿಡಿದಿರುತ್ತಾರೆ. ಖ, ಘ, ಧ, ಭ ಎಲ್ಲ ಕೊನೆಗೆ ಬರಲಿ, ಅವಸರ ಇಲ್ಲ.

ಲೆಕ್ಕದಲ್ಲಂತೂ ಅವರೇ ನಿಮಗಿಂತ ಮುಂದೆ. ನೂರಕ್ಕೆ ಎಂಟರಂತೆ ಬಂಗುಡೆ, ಇಪ್ಪತ್ತಕ್ಕೆ ಎಷ್ಟು ಎಂದು ಕೇಳಿ. ನೀವು ಚಾಕ್ ಎತ್ತುವ ಮೊದಲು ಇನ್ನೂರೈವತ್ತು ಎಂದಿರುತ್ತಾರೆ. ಹೇಗೆ ಬಂತು ಎಂದು ಅವರಿಂದಲೇ ಹೇಳಿಸಿ, ಅವರು ಹೇಳಿದ ದಾರಿಯನ್ನೇ ಅಂಕಿಯಲ್ಲಿ ಬರೆದು ತೋರಿಸಿ. ಬೀಡಿಯವರಿಗೆ ಬ್ರಾಂಚಿನ ಪುಸ್ತಕವೇ ಪಾಠ: ಎಷ್ಟು ಎಲೆ ಕೊಟ್ಟರು, ಎಷ್ಟು ಹೊಗೆಸೊಪ್ಪು, ಎಷ್ಟು ಸಾವಿರ ಬೀಡಿ ಜಮೆ ಆಯಿತು. ತನ್ನ ಪುಸ್ತಕದಲ್ಲಿ ಏನು ಬರೆದಿದೆ ಎಂದು ತಾನೇ ಓದಲು ಬಂದ ದಿನ ಆಕೆಗೆ ನಿಮ್ಮ ಚಪ್ಪಾಳೆ ಬೇಕಾಗುವುದಿಲ್ಲ.

ಕೊನೆಯದಾಗಿ ಹೊತ್ತು. ಒಂದೂವರೆ ಗಂಟೆ ಕ್ಲಾಸಿನಲ್ಲಿ ಕೂತರೆ ಅಷ್ಟು ಬೀಡಿ ಕಡಿಮೆ, ಬೀಡಿಗೆ ಸಾವಿರದ ಲೆಕ್ಕದಲ್ಲಿ ಮಜೂರಿ. ಒಬ್ಬಳು ಗೆರಸೆ ಹಿಡಿದುಕೊಂಡೇ ಬಂದರೆ ಬರಲಿ, ಹೊಗೆಸೊಪ್ಪಿನ ಧೂಳಿಗೆ ಅರಿವು ಕೇಂದ್ರದವರು ಬೇಡ ಎಂದರೆ ಹೊರಗೆ ಜಗಲಿಯಲ್ಲಿ ಕೂರಿ. ಒಂದೂವರೆ ಗಂಟೆಯನ್ನು ಮುಕ್ಕಾಲು ಗಂಟೆ ಮಾಡಿದರೂ ನಷ್ಟ ಇಲ್ಲ. ದೀಪಾವಳಿ ಕಳೆದು ಮೇ ಕೊನೆಯ ಪತ್ತನಾಜೆಯವರೆಗೆ ಕೋಲ, ನೇಮ, ಮದುವೆ ಎಂದು ಜನ ಕಡಿಮೆ ಆಗುತ್ತಾರೆ. ರಮ್ಜಾನಿನಲ್ಲಿ ಬ್ಯಾರಿ ಹೆಂಗಸರಿಗೆ ಸಂಜೆಯ ಹೊತ್ತು ಆಗುವುದೇ ಇಲ್ಲ, ಆ ತಿಂಗಳು ಬೇರೆ ಹೊತ್ತು ಕೇಳಿ ಇಟ್ಟುಕೊಳ್ಳಿ. ತಿರುಗಿ ಬಂದವರಿಗೆ "ಎಲ್ಲಿ ಹೋಗಿದ್ದಿರಿ ಇಷ್ಟು ದಿನ" ಎನ್ನಬೇಡಿ. ಆ ಎಂಟು ಮಂದಿಯ ಮನೆಗೂ ಒಮ್ಮೆ ಹೋಗಿ ಬನ್ನಿ. ಕ್ಲಾಸಿಗೆ ಯಾಕೆ ಬರಲಿಲ್ಲ ಎಂದು ಮಾತ್ರ ಸೊಸೆಯ ಎದುರು ಕೇಳಬೇಡಿ.

ಪ್ರಶ್ನೆ: ಉಡುಪಿಯಲ್ಲಿ ನಮ್ಮ ಹಿರಿಯರ ಬಳಗಕ್ಕೆ ವಾರಕ್ಕೊಮ್ಮೆ ಮೊಬೈಲ್ ಕಲಿಸುತ್ತೇನೆ. ಯುಪಿಐ, ಬಸ್ಸು ರೈಲಿನ ಟಿಕೆಟ್, ವಾಟ್ಸಾಪ್. ಒಬ್ಬರು ನಿವೃತ್ತ ಅಧಿಕಾರಿ ಇದ್ದಾರೆ. ಎಲ್ಲ ಪ್ರಶ್ನೆಗೂ ಅವರದ್ದೇ ಉತ್ತರ, ಬೇರೆಯವರ ಫೋನ್ ಕಿತ್ತುಕೊಂಡು ತಾನೇ ಒತ್ತಿ ಕೊಡುತ್ತಾರೆ. ಹೇಳಿದರೆ ಬೇಸರ ಆದೀತು ಎಂದು ಹೆದರಿಕೆ.
ಓದುಗ, ಉಡುಪಿ

ಉತ್ತರ: ಬೇಸರ ಆದರೂ ಹೇಳಲೇಬೇಕು, ಆದರೆ ಅವರೊಬ್ಬರಿಗೆ ಅಂತ ಹೇಳಬೇಡಿ. ಕ್ಲಾಸಿಗೇ ಒಂದು ನಿಯಮ ಮಾಡಿ: ಇನ್ನೊಬ್ಬರ ಫೋನನ್ನು ಯಾರೂ ಮುಟ್ಟುವಂತಿಲ್ಲ, ಕಲಿಸುವವರು ಕೂಡ. ನೀವೇ ಮೊದಲು ಕೈ ಹಿಂದಕ್ಕೆ ಕಟ್ಟಿಕೊಂಡು, ಬಾಯಲ್ಲಷ್ಟೇ "ಕೆಳಗೆ ಬಲಗಡೆ ನೀಲಿ ಬಟನ್ ಇದೆಯಲ್ಲ, ಅದು" ಎಂದು ಹೇಳಿ ತೋರಿಸಿ. ಬೇರೆಯವರು ಒತ್ತಿ ಕೊಟ್ಟರೆ ಆಗ ಕೆಲಸ ಆಗುತ್ತದೆ, ಮನೆಗೆ ಹೋದ ಮೇಲೆ ಮತ್ತೆ ಮಗನಿಗೇ ಫೋನ್. ಹಣದ ವಿಷಯದಲ್ಲಂತೂ ಈ ನಿಯಮ ಬೇಕೇ ಬೇಕು. ಪಿನ್ ಹಾಕುವಾಗ ಪಕ್ಕದವರು ಮುಖ ತಿರುಗಿಸಲಿ, ಓಟಿಪಿಯನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದುವ ಅಭ್ಯಾಸ ಆಗಲೇಬಾರದು. ಅಭ್ಯಾಸಕ್ಕೆ ಒಂದು ರೂಪಾಯಿ ಕಳಿಸಿ ನೋಡಲಿ, ಹೋದರೂ ಯಾರಿಗೂ ಎದೆ ಹೊಡೆದುಕೊಳ್ಳುವುದಿಲ್ಲ. ಹಣ ಬರಬೇಕಾದರೆ ಪಿನ್ ಹಾಕುವ ಅಗತ್ಯವೇ ಇಲ್ಲ ಎಂಬುದನ್ನು ಪ್ರತಿ ವಾರ ಒಮ್ಮೆ ಹೇಳಿ, ಮೋಸ ಹೋಗುವವರು ಹೆಚ್ಚಾಗಿ ಅಲ್ಲೇ ಬೀಳುತ್ತಾರೆ.

ಆ ಅಧಿಕಾರಿಗಳಿಗೆ ಏನಾದರೂ ಕೆಲಸ ಕೊಡಿ. ಅವತ್ತಿನ ಪಾಠವನ್ನು ದೊಡ್ಡ ಅಕ್ಷರದಲ್ಲಿ ಒಂದು ಹಾಳೆಗೆ ಬರೆದು ಎಲ್ಲರಿಗೂ ಜೆರಾಕ್ಸ್ ಮಾಡಿ ಹಂಚುವುದು ಅವರದ್ದು. ಹಳೆಯ ಆಫೀಸಿನವರು ಇಂಥದ್ದನ್ನು ಬಹಳ ಅಚ್ಚುಕಟ್ಟಾಗಿ ಮಾಡುತ್ತಾರೆ.

ಪ್ರಶ್ನೆ: ನನಗೆ 46 ವರ್ಷ. ಎಂಟನೆಯಲ್ಲಿ ಶಾಲೆ ಬಿಟ್ಟು ಬೋಟಿಗೆ ಹೋದವನು. ಈಗ ಹತ್ತನೆಯ ಪರೀಕ್ಷೆ ಕಟ್ಟಬೇಕು ಎಂಬ ಆಸೆ. ಒಂದು ಟ್ಯುಟೋರಿಯಲ್‌ಗೆ ಹೋದೆ. ಮಗನ ವಯಸ್ಸಿನವರ ಎದುರು "ಅಣ್ಣಾ, ಈ ವಯಸ್ಸಲ್ಲಿ ನಿಮಗೆ ಇದೆಲ್ಲ ಯಾಕೆ" ಎಂದರು. ಬಿಟ್ಟುಬಿಡಲಾ?
ಮಲ್ಪೆಯಿಂದ

ಉತ್ತರ: ಟ್ಯುಟೋರಿಯಲ್ ಬಿಡಿ, ಪರೀಕ್ಷೆ ಬಿಡಬೇಡಿ. ಎನ್‌ಐಓಎಸ್ ಎಂಬ ಕೇಂದ್ರ ಸರ್ಕಾರದ ಮುಕ್ತ ಶಾಲೆ ಇದೆ. ಹತ್ತನೆಗೆ ಸೇರಲು 14 ವರ್ಷ ತುಂಬಿದ್ದರೆ ಸಾಕು, ಮೇಲಿನ ಮಿತಿ ಇಲ್ಲ. ಒಮ್ಮೆ ಹೆಸರು ಹಚ್ಚಿದರೆ 5 ವರ್ಷ ನಡೆಯುತ್ತದೆ, ಅಷ್ಟರಲ್ಲಿ 9 ಸಲ ಪರೀಕ್ಷೆಗೆ ಕೂರಬಹುದು. ಎಲ್ಲ ವಿಷಯ ಒಟ್ಟಿಗೆ ಬರೆಯಬೇಕೆಂದಿಲ್ಲ, ಒಂದೆರಡು ಈಗ, ಉಳಿದದ್ದು ಮುಂದೆ, ಪಾಸಾದದ್ದು ಪಾಸು. ಬೋಟಿಗೆ ಹೋಗುವವರಿಗೆ ಇದು ಹೇಳಿ ಮಾಡಿಸಿದ ಹಾಗಿದೆ: ಜೂನ್ 1ರಿಂದ ಜುಲೈ 31ರವರೆಗೆ ಹೇಗೂ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಆ ಎರಡು ತಿಂಗಳು ಕಷ್ಟದ ವಿಷಯ ಹಿಡಿದು ಓದಿ. ಯಾವ ಮಾಧ್ಯಮ, ಯಾವ ವಿಷಯ ಎಂದು ಅರ್ಜಿ ಹಾಕುವ ಮೊದಲೇ ಕೇಳಿಕೊಳ್ಳಿ. ರಾಜ್ಯದ ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿಯೂ ಕಟ್ಟಬಹುದು, ಹತ್ತಿರದ ಹೈಸ್ಕೂಲಿನಲ್ಲಿ ವಿಚಾರಿಸಿ. ಮಗ ಮನೆಯಲ್ಲಿದ್ದರೆ ಗಣಿತ ಅವನಿಂದಲೇ ಹೇಳಿಸಿಕೊಳ್ಳಿ. ಸ್ವಲ್ಪ ಬೈದಾನು, ಅದು ಮನೆಯೊಳಗಿನ ಮಾತು.

ಪ್ರಶ್ನೆ: ದೊಡ್ಡವರ ಕ್ಲಾಸಿನಲ್ಲಿ ಹಾಜರಿ ಕರೆಯಬೇಕಾ?
ಕಾಪುವಿನಿಂದ

ಉತ್ತರ: ಬರೆದಿಡಿ, ಕೂಗಬೇಡಿ. ಬಾಗಿಲಲ್ಲಿ ಒಂದು ಪುಸ್ತಕ ಇಟ್ಟು, ಬಂದವರು ತಮ್ಮ ಹೆಸರಿನ ಎದುರು ಮೊದಲು ಒಂದು ಗೆರೆ ಹಾಕಲಿ. ಅಕ್ಷರ ಬಂದ ಮೇಲೆ ಸಹಿ ಹಾಕಲಿ.