ರೈಲಲ್ಲಿ ಫ್ರ್ಯಾಕ್ಟಲ್ ವೀಡಿಯೊ, ತಲೆಸುತ್ತು
ತಲೆಬಿಸಿ ಇಳಿಸಲು ಮಂಗಳೂರು-ಕುಂಬಳೆ ರೈಲಲ್ಲಿ ಫ್ರ್ಯಾಕ್ಟಲ್ (ಒಂದೇ ವಿನ್ಯಾಸ ಚಿಕ್ಕದಾಗುತ್ತ ಒಳಗೊಳಗೆ ಮತ್ತೆ ಮತ್ತೆ ಬರುವ ಚಿತ್ರ) ವೀಡಿಯೊ ನೋಡಿದರೆ ತಲೆ ಸುತ್ತುತ್ತದೆ ಅಂದಿರಲ್ಲ, ಕಾರಣ ಹೆಚ್ಚಾಗಿ ಒಳಗೊಳಗೆ ನುಗ್ಗುವ ಆ ಝೂಮ್. ಕಣ್ಣು ಒಂದು ಹೇಳುತ್ತದೆ, ಒಳಕಿವಿ ರೈಲಿನ ಕುಲುಕಾಟ ಹೇಳುತ್ತದೆ. ನನಗೂ ಉಪ್ಪಳ ತಲುಪುವಷ್ಟರಲ್ಲಿ ಹೊಟ್ಟೆ ತೊಳಸುತ್ತಿತ್ತು. ರೈಲಲ್ಲಿ ಬಿಟ್ಟುಬಿಡಿ. ಮನೆಗೆ ಬಂದು, ರೂಮಿನ ಲೈಟ್ ಹಾಕಿ, ಬ್ರೈಟ್‌ನೆಸ್ ಇಳಿಸಿ, ಫೋನನ್ನು ಒಂದು ಕೈ ದೂರ ಇಡಿ. ಆಮೇಲೆ ಝೂಮ್ ಇಲ್ಲದ, ಮೆಲ್ಲ ಹಿಗ್ಗಿ ಕುಗ್ಗುವ ಬಣ್ಣದ ವೀಡಿಯೊ ಹುಡುಕಿ, ವೇಗ 0.5ಕ್ಕೆ ಇಟ್ಟು, ಹಿಗ್ಗುವಾಗ ಉಸಿರು ಎಳೆದು ಕುಗ್ಗುವಾಗ ಇನ್ನೂ ನಿಧಾನವಾಗಿ ಬಿಡಿ. 10 ನಿಮಿಷ ಸಾಕು. ಆಟೋಪ್ಲೇ ಆಫ್ ಮಾಡಿ, ಇಲ್ಲದಿದ್ದರೆ ಸುಮ್ನೆ ಮುಂದಿನದು ಕುಣಿಯಲು ಶುರು. ಇಷ್ಟಾದರೂ ಸುತ್ತಿದರೆ ಕಾರಣ ಬೇರೆಯೇ ಇರಬಹುದು, ಡಾಕ್ಟರಿಗೆ ತೋರಿಸಿ. ಫಿಟ್ಸ್ ಅಥವಾ ಮೈಗ್ರೇನ್ ಇದ್ದರೆ ಮಿನುಗುವ ವೀಡಿಯೊ ಬೇಡವೇ ಬೇಡ.